ನಮ್ಮತ್ತೆ ಮತ್ತು ಮೋಡದೊಳಗಿನ ಬಿಸಿಲು

ನಮ್ಮತ್ತೆ ಕೆಂಚಮ್ಮ ಯಾರನ್ನು ಮಾತಾಡಿಸಿದರೂ ಮೊದಲು ಮುಖ ನೋಡುತ್ತಿರಲಿಲ್ಲ, ಕಾಲಬುಡ ನೋಡುತ್ತಿದ್ದರು. ಬಂದವರ ನೆರಳು ಅವರಿಗಿಂತ ಉದ್ದವಿದ್ದರೆ "ಬರ್ರಿ, ಕುಂತ್ಕಳ್ರಿ" ಎಂದು ಕಟ್ಟೆಯ ಮೇಲೇ ಹರಟೆ. ಗಿಡ್ಡವಿದ್ದರೆ, "ಒಳಗ್ ನಡೀರಿ ಮೊದ್ಲು, ಮಾತು ಆಮ್ಯಾಲೆ." ಮಾಡದಕೆರೆಯ ನಮ್ಮ ಬೀದಿಯವರು ನಗುತ್ತಿದ್ದರು. ಕುರಿ ಹಿಂದೆ ಅಲೆದು ಅಲೆದು ಮುಖವೆಲ್ಲ ಕರಕಲಾದ ಹೆಂಗಸಿಗೆ ಮುದಿಗಾಲಕ್ಕೆ ಬಿಸಿಲಿನ ಭಯ ಬಂತಲ್ಲ ಎಂದು. ಭಯ ಇದ್ದದ್ದು ನನ್ನ ಸಲುವಾಗಿ.

ನನಗೆ ಲೂಪಸ್ ಎಂಬ ಕಾಯಿಲೆ. ಮೈ ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿಬೀಳುತ್ತದೆ, ಬಿಸಿಲು ತಾಗಿದರೆ ಇನ್ನಷ್ಟು ಕೆರಳುತ್ತದೆ. ಮದುವೆಯಾದ ಹೊಸದರಲ್ಲಿ ಇದು ಗೊತ್ತಾದಾಗ ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕುಬಿಟ್ಟರು. "ಬಿಸಿಲಿಗೆ ಹೆದರೋ ಕಾಯ್ಲೆನಾ? ಇದ್ಯಾವ ದೊರೆಸಾನಿ ಕಾಯ್ಲೆ ತಂದ್ಯವ್ವ!" ನನಗೂ ಸಿಟ್ಟು ಮೂಗಿನ ತುದಿಯಲ್ಲೇ. ವಾರವಿಡೀ ಅವರೊಂದಿಗೆ ಮಾತು ಬಿಟ್ಟೆ.

ಆ ಆಷಾಢದಲ್ಲಿ ಈರುಳ್ಳಿ ಹೊಲದ ಕಳೆ ತೆಗೆಯುವ ಕೆಲಸವಿತ್ತು. ನಮ್ಮ ಕಡೆ ಆಷಾಢವೆಂದರೆ ಗಾಳಿ, ಗಾಳಿ, ಗಾಳಿ. ತಲೆ ಮೇಲೆ ಮೋಡ ಓಡುತ್ತಲೇ ಇರುತ್ತದೆ, ಒಂದು ಹನಿ ಉದುರುವುದಿಲ್ಲ. ಮೈಗೆ ತಣ್ಣಗಿತ್ತು. ಆದರೂ ನಾನು ಕೊಡೆ ಬಿಚ್ಚಿದೆ. ಅತ್ತೆ ಅದನ್ನು ಕಿತ್ತುಕೊಂಡು ಬದುವಿನಾಚೆ ಎಸೆದರು. "ಬಿಸಿಲಿಲ್ಲ, ಮಳೆಯಿಲ್ಲ, ಕೊಡೆ ಯಾರಿಗೆ ಹಿಡೀತೀಯೇ? ಆಳುಗಳು ನಗ್ತಾವೆ, ಕೂತು ಕಳೆ ಕೀಳು." ನನಗೂ ಹಟ ಬಂತು. ರವಿಕೆಯ ತುಂಬುತೋಳು ಮೇಲಕ್ಕೆ ಮಡಚಿ, ಬೆಳಗಿನಿಂದ ಮಧ್ಯಾಹ್ನ ಇಳಿಯುವವರೆಗೂ ಕಿತ್ತೆ.

ಮರುದಿನ ಕೆನ್ನೆ, ಮೂಗು ಕೆಂಪಗೆ ಉರಿದವು. ಬೆರಳು ಮಡಚಲು ಬರಲಿಲ್ಲ. ಮೂರನೆಯ ದಿನ ಜ್ವರದಲ್ಲೇ ಚಿತ್ರದುರ್ಗದ ಆಸ್ಪತ್ರೆಗೆ ಸೇರಿಸಿದರು. ಕಾಯಿಲೆ ಮೂತ್ರಪಿಂಡಕ್ಕೆ ಇಳಿದಿದೆ, ಇನ್ನೊಮ್ಮೆ ಹೀಗಾದರೆ ಜೀವಕ್ಕೇ ಕುತ್ತು ಎಂದರು ಡಾಕ್ಟರ್. ಅತ್ತೆ ನನ್ನ ಮಂಚ ಬಿಟ್ಟು ಡಾಕ್ಟರ ಮುಂದೆ ಬಂದು ನಿಂತರು.

"ಅವತ್ತು ಬಿಸಿಲೇ ಇರ್ಲಿಲ್ಲವಲ್ರಿ ಸ್ವಾಮಿ!"

"ಮೋಡ ಬಿಸಿ ತಡೀತದೆ ತಾಯಿ, ಸುಡೋ ಕಿರಣ ಪೂರ್ತಿ ತಡಿಯಲ್ಲ. ತಣ್ಣಗಿದೆ ಅಂತ ಮೋಸ ಹೋಗಬೇಡಿ."

"ಕಣ್ಣಿಗೆ ಕಾಣಲ್ಲ, ಮೈಗೆ ತಿಳಿಯಲ್ಲ. ಮತ್ತೆ ನಾನು ಹ್ಯಂಗ್ರಿ ಕಂಡುಹಿಡೀಲಿ?"

ಡಾಕ್ಟರ್ ನನ್ನ ಗಂಡ ಮಂಜುನಾಥನ ಮೊಬೈಲಿನಲ್ಲಿ ಆ ಹೊತ್ತಿನ ಯು.ವಿ. ಅಂಕಿ, ಅಂದರೆ ಆ ಸುಡುವ ಕಿರಣದ ಅಳತೆ, ತೋರಿಸಿದರು. ಮೂರಕ್ಕೆ ಬಂದರೆ ಕೊಡೆ, ತುಂಬುತೋಳು, ಬಿಸಿಲು ತಡೆಯುವ ಮುಲಾಮು. ಎಂಟಕ್ಕೆ ಬಂದರೆ ಇವಳು ಹೊರಗೆ ಕಾಲಿಡಬಾರದು. ಮೊಬೈಲ್ ಇಲ್ಲದಿದ್ದರೆ ನೆರಳು ನೋಡಿ, ಗಿಡ್ಡವಾದಷ್ಟೂ ಕಿರಣ ಜೋರು. ಅತ್ತೆ ನನ್ನ ಹತ್ತಿರ ತಪ್ಪಾಯಿತು ಅನ್ನಲಿಲ್ಲ. ನನ್ನ ಊದಿದ ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

ಅಂದಿನಿಂದ ಮನೆಯಲ್ಲಿ ಮಿಲಿಟರಿ ಶಿಸ್ತು! ಅತ್ತೆಗೆ ಅಕ್ಷರ ಬಾರದು, ಅಂಕಿ ಬರುತ್ತಿತ್ತು. ಬೆಳಿಗ್ಗೆ ಎದ್ದವರೇ ಮಗನ ಮೊಬೈಲ್ ಕಸಿದುಕೊಳ್ಳುವರು. "ಮಧ್ಯಾಹ್ನಕ್ಕೆ ಹನ್ನೊಂದು ತೋರಿಸ್ತೈತೆ ಇವತ್ತು, ಸೂರ್ಯಪ್ಪಂಗೆ ಏನ್ ಬಂದೈತೋ!" ಹಿರಿಯೂರಿನ ಒಂದು ಮದುವೆಯಲ್ಲಿ ನೆಂಟರು ನನ್ನನ್ನು ನಡುಮಧ್ಯಾಹ್ನ ಫೋಟೋಗೆಂದು ಛತ್ರದ ಅಂಗಳಕ್ಕೆ ಎಳೆದಾಗ, ಊಟದ ಎಲೆ ಬಿಟ್ಟು ಎಂಜಲು ಕೈಯಲ್ಲೇ ಓಡಿಬಂದರು. "ನಿಮಗೆ ಫೋಟೋ ಬೇಕು, ನನಗೆ ಸೊಸೆ ಬೇಕು. ಬಿಡ್ರೋ ಅವಳ್ನ!" ನಾಚಿಕೆಯಿಂದ ನೆಲಕ್ಕಿಳಿದುಹೋದೆ. ಅವತ್ತು ಎಷ್ಟು ಬೈದೆ ಅವರನ್ನು! ಬೈಸಿಕೊಂಡು, ನನ್ನನ್ನು ಒಳಗೆ ಕೂರಿಸಿ, ಮತ್ತೆ ಎಲೆಗೆ ಹೋಗಿ ಕೂತರು.

ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅತ್ತೆ ಏಳಲೇ ಇಲ್ಲ. ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು.

ಹತ್ತರ ಹೊತ್ತಿಗೆ ನೆಂಟರೆಲ್ಲ ಸೇರಿದರು. ಮಾವನ ತಮ್ಮ, ನಮ್ಮ ಚಿಕ್ಕಮಾವ, ಅವಸರ ಮಾಡತೊಡಗಿದರು. "ಬ್ಯಾಸಿಗೆ ಕಣ್ರಪ್ಪ, ಹೆಣ ಕಾಯ್ಸಬಾರ್ದು. ಹನ್ನೆರಡಕ್ಕೆ ಎತ್ತಾಣ." ಗುಂಡಿ ತೋಡಿದ್ದದ್ದು ಊರಾಚೆ ನಮ್ಮ ಹೊಲದಲ್ಲಿ. ಅಲ್ಲಿಯವರೆಗೆ ಒಂದು ಮರವಿಲ್ಲ, ಹೊರಗೆ ಕಣ್ಣು ಕುಕ್ಕುವ ಬಿಸಿಲು. ಸೊಸೆ ಮನೆಯಲ್ಲೇ ಇರಲಿ ಎಂದು ಯಾರೋ ಅಂದರು. ನನಗೆ ತಡೆಯಲಾಗಲಿಲ್ಲ. "ಸತ್ತರೆ ಸಾಯ್ತೀನಿ, ನಾನು ಬಂದೇ ಬರ್ತೀನಿ" ಎಂದು ಕಿರುಚಿ ಹೊಸ್ತಿಲಿಗೆ ಬಂದೆ. ಮಂಜುನಾಥ ಬಾಗಿಲಿಗೆ ಅಡ್ಡ ನಿಂತ.

"ಸರೀರಿ" ಎಂದೆ.

ಅವನು ಸರಿಯಲಿಲ್ಲ. ಚಿಕ್ಕಪ್ಪನ ಕಡೆ ತಿರುಗಿದ. "ಅವ್ವ ನನ್ನ ಕೈಲಿ ಆಣೆ ಹಾಕ್ಸಿಕೊಂಡೈತೆ ಚಿಕ್ಕಪ್ಪ. 'ನನ್ನ ಬಿಸಿಲಾಗೆ ಎತ್ತಬ್ಯಾಡ್ರಿ, ಹೊತ್ತು ಇಳಿಯಗಂಟ ಇಟ್ಕಳ್ರಿ, ನನ್ನ ಸೊಸೆ ಮಣ್ಣಿಗೆ ಬರ್ಬೇಕು' ಅಂತ."

"ಊರಲ್ಲಿಲ್ಲದ ಪದ್ಧತಿ ಮಾಡ್ತೀಯೇನಲೇ?"

"ಮಾಡ್ತೀನಿ. ಐಸ್ ತರಿಸ್ತೀನಿ. ಐದು ಗಂಟೆಗೆ ಮುಂಚೆ ಯಾರೂ ಮುಟ್ಟಬ್ಯಾಡ್ರಿ."

ಚಿಕ್ಕಮಾವ ಹೆಗಲ ಮೇಲಿನ ಟವೆಲ್ ಕೊಡವಿ, ಹೋಗಿ ಗೋಡೆಗೊರಗಿ ಕೂತರು. ಹಸಿದ ಜನ ಹಸಿದೇ ಕಾದರು. ನಾನು ಅತ್ತೆಯ ತಲೆದೆಸೆಯಲ್ಲಿ ಕೂತು ಹೊತ್ತು ಇಳಿಯುವುದನ್ನೇ ನೋಡಿದೆ.

ಐದರ ಮೇಲೆ ಎತ್ತಿದರು. ಗುಂಡಿಯವರೆಗೂ ಎಲ್ಲರ ಜೊತೆ ನಡೆದೆ. ಮಂಜುನಾಥ ಹಾಕಿದ ಮೇಲೆ ನಾನೂ ಹಿಡಿ ಮಣ್ಣು ಹಾಕಿ ಅಲ್ಲೇ ನಿಂತೆ. ಇಳಿಬಿಸಿಲು ನೇರ ಮುಖಕ್ಕೇ ಬಿತ್ತು. ನೆರಳು ನನಗಿಂತ ಉದ್ದವಿತ್ತು, ನನ್ನ ಕಾಲಬುಡ ನೋಡುವವರು ಯಾರೂ ಇರಲಿಲ್ಲ.