ಲಾಬಿಯಲ್ಲಿಟ್ಟ ಬಲಗಾಲು

ಅರಬರ ಧೂಪ ಬಖೂರಿನ ಹೊಗೆ ಮೂಗಿಗೆ ತಾಗಿದಾಗಲೆಲ್ಲ ದೋಹಾದ ಬಿನ್ ಒಮ್ರಾನಿನ ನಮ್ಮ ಹಳೆಯ ಕಟ್ಟಡದ ಲಾಬಿ ಕಣ್ಣ ಮುಂದೆ ಬರುತ್ತದೆ. ಕೆಲವು ವಿವರ ತಪ್ಪಿರಬಹುದು. ತೂಗುದೀಪ ಅಷ್ಟು ದೊಡ್ಡದಿತ್ತೋ, ನಾನೇ ಅಷ್ಟು ಚಿಕ್ಕವಳಿದ್ದೆನೋ ಹೇಳಲಾರೆ. ಅಮೃತಶಿಲೆಯ ನೆಲ ಬಿಳಿ ಎಂದು ನಾನಂದರೆ ಅಮ್ಮ ಹಸಿರು ಎನ್ನುತ್ತಾಳೆ. ಬರಿಗಾಲಿಗೆ ತಾಗುತ್ತಿದ್ದ ಅದರ ತಂಪು ಮಾತ್ರ ಸುಳ್ಳಲ್ಲ. ಆ ಕಾಲಕ್ಕೆ ದೋಹಾದಲ್ಲಿ ಹೆಸರಾದ ಕಟ್ಟಡ ಅದು. ನಾಲ್ಕನೇ ಮಹಡಿಯ ಮನೆ ಅಪ್ಪನ ಕಂಪನಿ ಕೊಟ್ಟದ್ದು. ಕಟ್ಟಡವನ್ನು ಅಲ್ಲಿದ್ದವರೇ ಕೂಡಿ ನೋಡಿಕೊಳ್ಳುತ್ತಿದ್ದರು. ಒಂದು ವಾರ ಎದುರುಮನೆಯ ಮಲಯಾಳಿಗಳು ಕುಂಡಗಳಿಗೆ ನೀರು ಹಾಕಿದರೆ ಮುಂದಿನ ವಾರ ನಾವು. ಗುರುವಾರ ಸಂಜೆ ಕೆಳಮನೆಯ ಸುಡಾನಿ ಅಜ್ಜಿ ಲಾಬಿಯ ತುಂಬ ಬಖೂರಿನ ಹೊಗೆ ಹಾಕುತ್ತಿದ್ದಳು. ಲಾಬಿ ಯಾರೊಬ್ಬರದೂ ಅಲ್ಲ, ಎಲ್ಲರದು.

ಎಲ್ಲರಿಗಿಂತ ಹೆಚ್ಚಾಗಿ ಗಿರೀಶ ಮಾವನದು. ಅಮ್ಮನ ತಮ್ಮನಾದ ಅವರು ನಗರದಂಚಿನ ಮುಐದರಿನಲ್ಲಿ ನಾಲ್ಕಾರು ಜನರ ಜೊತೆ ಒಂದೇ ಕೋಣೆಯಲ್ಲಿದ್ದರು. ಶುಕ್ರವಾರ ನಮ್ಮಲ್ಲಿಗೆ ಊಟಕ್ಕೆ ಬಂದರೆ ಅಪ್ಪನ ಕೋಟು ತೊಟ್ಟು ತೂಗುದೀಪದ ಕೆಳಗೆ ನಿಲ್ಲುತ್ತಿದ್ದರು.

"ಹೊಟ್ಟೆ ಒಳಗೆ ಎಳ್ಕೊ ಮಾರಾಯ, ಗುಂಡಿ ಹಾರಿ ದೀಪಕ್ಕೆ ಬಡಿದೀತು," ಎಂದು ಅಮ್ಮ ಕ್ಯಾಮೆರಾ ಹಿಡಿದು ನಗುತ್ತಿದ್ದಳು.

"ಯಲ್ಲಾ, ಬೇಗ ತೆಗಿ ಅಕ್ಕ. ಊರಿಗೆ ಹೋಗುವ ಫೋಟೋ ಇದು."

ಅಂಥದೊಂದು ಫೋಟೋ ಉಡುಪಿ ಕಡೆಯ ಒಂದು ಮನೆ ಸೇರಿತು. ಫೋಟೋದಲ್ಲಿದ್ದದ್ದು ಹುಡುಗನ ಮನೆಯಾ ಎಂದು ಹೆಣ್ಣಿನ ಕಡೆಯವರು ಕೇಳಲಿಲ್ಲ, ಅಲ್ಲವೆಂದು ಮಾವ ಹೇಳಲಿಲ್ಲ. ಮದುವೆಯಾಯಿತು. ಸುಜಾತತ್ತೆ ದೋಹಾಕ್ಕೆ ಬಂದ ದಿನ, ಮುಐದರಿನಲ್ಲಿ ಬಾಡಿಗೆಗೆ ಹಿಡಿದಿಟ್ಟ ಪುಟ್ಟ ಕೋಣೆಗೆ ಕರೆದೊಯ್ಯುವ ಧೈರ್ಯ ಸಾಲದೆ ಮಾವ ಟ್ಯಾಕ್ಸಿಯನ್ನು ನಮ್ಮಲ್ಲಿಗೇ ತಿರುಗಿಸಿದರು. ಅತ್ತೆ ಗಾಜಿನ ಬಾಗಿಲಿನ ಹೊರಗೆ ಚಪ್ಪಲಿ ಬಿಚ್ಚಿದರು. ಸೆರಗು ಸರಿಮಾಡಿಕೊಂಡು, ತೂಗುದೀಪವನ್ನೊಮ್ಮೆ ನೋಡಿ, ಬಲಗಾಲಿಟ್ಟು ಲಾಬಿಯೊಳಗೆ ಬಂದರು. ಅಮ್ಮ ಹೊರಗೆ ಹೋಗಿ ಆ ಚಪ್ಪಲಿ ಎತ್ತಿಕೊಂಡು ಬಂದಳು.

ಕೆಲವು ದಿನ ನಮ್ಮ ಜೊತೆಗಿದ್ದು ಇಬ್ಬರೂ ಮುಐದರಿಗೆ ಹೋದರು. ಆಮೇಲೂ ಅತ್ತೆ ಶುಕ್ರವಾರಗಳಂದು ನಗುನಗುತ್ತ ಬರುತ್ತಿದ್ದರು, ಪತ್ರೊಡೆ ಮಾಡಿ ತರುತ್ತಿದ್ದರು. ಚಪ್ಪಲಿಯನ್ನು ಮಾತ್ರ ಮತ್ತೆಂದೂ ಲಾಬಿಯ ಬಾಗಿಲಲ್ಲಿ ಬಿಚ್ಚಲಿಲ್ಲ. ಅವಳಿಗೆ ಮೊದಲೇ ಗೊತ್ತಿತ್ತೋ ಏನೋ ಎಂದು ಮಾವ ನನ್ನ ಬಳಿ ಎಷ್ಟೋ ಸಲ ಅಂದಿದ್ದರು. ಅತ್ತೆಯನ್ನೇ ಕೇಳಲು ಹೆದರಿ, ಕೇಳದೆಯೇ ತೀರಿಕೊಂಡರು.

ಈಗ ಕಟ್ಟಡದ ಸುತ್ತ ತಗಡು ನಿಲ್ಲಿಸಿದ್ದಾರೆ, ಒಡೆಯುತ್ತಾರಂತೆ. ಅಲ್ ಅಜೀಜಿಯಾದ ನನ್ನ ಮನೆಗೆ ಹೋಗುವಾಗ ಮೊನ್ನೆ ಅಲ್ಲೇ ಕಾರು ನಿಲ್ಲಿಸಿ, ಊರಿನಲ್ಲಿರುವ ಅತ್ತೆಗೆ ಫೋನು ಮಾಡಿದೆ. ಲಾಬಿಯ ನೆಲ ಬಿಳಿಯೇ ಮಾರಾಯ್ತಿ, ನಿನ್ನಮ್ಮನಿಗೆ ಮರೆತಿದೆ ಎಂದರು. ಆಗ, ಮಾವ ಕೇಳದೆ ಹೋದದ್ದನ್ನು ನಾನು ಕೇಳಿದೆ. ಆ ಕಡೆ ಕುಕ್ಕರ್ ಕೂಗಿತು. ಮತ್ತೆ ಮಾಡ್ತೇನೆ ಎಂದು ಫೋನು ಇಟ್ಟವರು ಇನ್ನೂ ಮಾಡಿಲ್ಲ.

"ಅತ್ತೆ, ಆ ದಿನ ಬಲಗಾಲಿಡುವಾಗ, ಅದು ನಿಮ್ಮ ಮನೆಯಲ್ಲ ಅಂತ ನಿಮಗೆ ಗೊತ್ತಿತ್ತಾ?"