ಕಂಬಳಿ ಮೇಲಿನ ಗಾಜಿನ ಗುಂಡು

ಹುಕ್ಕೇರಿಯ ನಮ್ಮ ಮನೆಗೆ ಹೆಣ್ಣು ನೋಡಲು ಬಂದ ದಿನ ಗುರುಲಿಂಗಪ್ಪನವರು ನನ್ನನ್ನು ಸರಿಯಾಗಿ ನೋಡಲೇ ಇಲ್ಲ. ನಾನು ಅವಲಕ್ಕಿಯ ತಟ್ಟೆ ಹಿಡಿದು ನಿಂತಿದ್ದರೆ, ಅವರು ಅಪ್ಪನ ಮೇಜಿನ ಮೇಲಿದ್ದ ಗಾಜಿನ ಪೇಪರ್‌ವೇಟ್ ಎತ್ತಿಕೊಂಡು ಅದರ ತಳ ನೋಡುತ್ತಿದ್ದರು. ಅಪ್ಪ ವಕೀಲರೊಬ್ಬರ ಕಾರಕೂನ. ಖುಷಿಯಿಂದ ಆ ಗುಂಡನ್ನೂ ನನ್ನನ್ನೂ ಒಟ್ಟಿಗೇ ಕೊಟ್ಟುಬಿಟ್ಟ. ಮೊದಲು ಯಾವುದನ್ನು ಒಪ್ಪಿದಿರಿ ಎಂದು ನಲವತ್ತು ವರ್ಷಗಳಿಂದ ಕೇಳುತ್ತಲೇ ಇದ್ದೇನೆ.

ಗೋಕಾಕದ ಪೇಟೆಯಲ್ಲಿ ಅವರದು ಗಡಿಯಾರ ರಿಪೇರಿ ಅಂಗಡಿ. ನಾನು ದಿನಾಲೂ ಬಸ್ಸು ಹಿಡಿದು ಮೂಡಲಗಿಯ ಶಾಲೆಗೆ ಹೋಗಿ ಮಗ್ಗಿ ಕಲಿಸುತ್ತಿದ್ದ ಕಾಲದಲ್ಲೇ ಜನ ಗಡಿಯಾರ ಬಿಟ್ಟು ಮೊಬೈಲು ನೋಡತೊಡಗಿದರು. ಇವರಿಗೆ ಉಳಿದದ್ದು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಮತ್ತು ಗಾಜಿನ ಹುಚ್ಚು. ಹಳೆಯ ಪೇಪರ್‌ವೇಟ್ ಕೂಡಿಡುವವರು ಎಲ್ಲೆಲ್ಲಿಯೋ ಇದ್ದಾರಂತೆ. ಸಂಕೇಶ್ವರದ ವ್ಯಾಪಾರಿಗಳು ಕೊಲ್ಲಾಪುರದ ಕಡೆಯಿಂದ ತಂದ ಗುಂಡುಗಳನ್ನು ಇವರ ಮುಂದಿಟ್ಟು, ಅಸಲಿಯೋ ನಕಲಿಯೋ ಎಂದು ಕೇಳುತ್ತಾರೆ. ಇವರು ಮೊದಲು ತಳ ನೋಡುತ್ತಾರೆ. ನೂರು ವರ್ಷ ಮೇಜಿನ ಮೇಲೆ ಸರಿದಾಡಿದ ಗಾಜಿನ ತಳದಲ್ಲಿ ಸಣ್ಣ ಗೀರುಗಳು ಎಲ್ಲ ದಿಕ್ಕಿಗೂ ಹರಿದಿರುತ್ತವೆ. ಮೋಸಗಾರ ಪಾಲಿಶ್ ಪೇಪರಿನಿಂದ ತಿಕ್ಕಿದ್ದರೆ ಎಲ್ಲವೂ ಒಂದೇ ಕಡೆಗೆ. ಆಮೇಲೆ ಖೋಟಾ ನೋಟು ಹಿಡಿಯುವ ನೇರಳೆ ಬೆಳಕಿನ ಟಾರ್ಚು ಬಿಟ್ಟು, ಗಾಜು ಮಂದ ನೀಲಿಯಾಗಿ ಹೊಳೆದರೆ ಹಳೆಯ ಪರದೇಶದ್ದು, ಹಳದಿ-ಹಸಿರಾದರೆ ಹೊಸದು ಎಂದು ತೀರ್ಮಾನಿಸಿ ಒಂದು ಚೀಟಿ ಬರೆದುಕೊಡುತ್ತಾರೆ. ಆ ಚೀಟಿಗೆ ಯಾರೂ ಎದುರು ಮಾತಾಡುವುದಿಲ್ಲ. ಅದರ ಸೊಕ್ಕು ಇವರಿಗೆ ಬೇಕಾದಷ್ಟಿದೆ.

ಹೋದ ವರ್ಷ ದೀಪಾವಳಿ ಮುಗಿದ ವಾರ ಮಸಗುಪ್ಪಿಯಿಂದ ಕೆಂಪವ್ವಜ್ಜಿ ಬಂದಳು. ಕುರಿ ಸಾಕುವ ಮನೆತನದ, ಎಂಬತ್ತು ದಾಟಿದ ಹಿರಿಯಳು. ಮೊಮ್ಮಗ ಮಾಲಿಂಗ ಬೈಕಿನ ಮೇಲೆ ಕೂರಿಸಿಕೊಂಡು ಬಂದಿದ್ದ. ನಾನೂ ಊಟದ ಡಬ್ಬಿ ಹಿಡಿದು ಅಂಗಡಿಯಲ್ಲೇ ಇದ್ದೆ. ಅಜ್ಜಿ ಸೆರಗಿನ ಗಂಟು ಬಿಚ್ಚಿ, ಒಳಗೆ ನೀಲಿ ಹೂವಿದ್ದ ಗುಂಡೊಂದನ್ನು ಮೇಜಿನ ಮೇಲಿಟ್ಟಳು.

“ನಮ್ಮ ಮಾವ ಸಿದ್ರಾಯಪ್ಪನವ್ರು ಮಳ್ಯಾಗ ದಾರಿ ತಪ್ಪಿದ್ದ ಒಬ್ಬ ಇಂಗ್ಲಿಷ್ ಸಾಹೇಬಗ ತಮ್ಮ ಕಂಬಳಿ ಹೊಚ್ಚಿ ಬಂಗ್ಲೇಕ ಮುಟ್ಟಿಸಿದ್ರಂತ. ಕಂಬಳಿ ಬದ್ಲಿ ಸಾಹೇಬ ಟೇಬಲ್ ಮ್ಯಾಲಿಂದ ಇದನ್ನ ಕೊಟ್ನಂತ. ಮುತ್ತಜ್ಜ ಸಂತ್ಯಾಗ ಕೊಂಡು ಕಥಿ ಕಟ್ಯಾನ ಅಂತ ಈ ಹುಡುಗ್ರು ನಗ್ತಾವ್ರಿ. ನಮ್ಮ ಮಾವನವ್ರು ಸುಳ್ಳ ಹೇಳಾವ್ರಲ್ರಿ. ನಾ ಕಣ್ಣ ಮುಚ್ಚೂದ್ರಾಗ ಖರೆ ಏನಂತ ತಿಳೀಬೇಕ್ರಿ.”

ಇವರು ಜೇಬಿನಿಂದ ದಸ್ತಿ ತೆಗೆದು ಗುಂಡನ್ನು ಒರೆಸಿ ತಳ ನೋಡಿದರು. ಒಂದೂ ಗೀರಿಲ್ಲ, ಮೊನ್ನೆ ಮೊನ್ನೆ ಮಾಡಿದಂತೆ ನುಣ್ಣಗಿತ್ತು. ಟಾರ್ಚು ಬಿಟ್ಟರೆ ತಳವೆಲ್ಲ ಹಳದಿ-ಹಸಿರಾಗಿ ಹೊಳೆಯಿತು.

“ಆಯಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಇದು ಹೊಸಾ ಮಾಲ್ ಐತಿ. ಸಾಹೇಬರ ಕಾಲದ್ದಲ್ಲ.”

ಮಾಲಿಂಗ ನಗಲು ಹೋಗಿ ಅಜ್ಜಿಯ ಮುಖ ನೋಡಿ ಬೈಕಿನ ಕೀ ತೆಗೆದ. ಅಜ್ಜಿ ಗುಂಡನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಹೋದಳು. ಊಟದ ಡಬ್ಬಿ ಬಿಚ್ಚುತ್ತ ನಾನು, ಸ್ವಲ್ಪ ಮೆತ್ತಗೆ ಹೇಳಬಾರದಿತ್ತೇ ಎಂದು ಜಗಳ ತೆಗೆದೆ. “ಗಾಜಿಗೂ ಸುಳ್ಳ ಹೇಳಾಕ ಬರೂದಿಲ್ಲ, ನನಗೂ ಬರೂದಿಲ್ಲ” ಎಂದು ಇವರು ರೊಟ್ಟಿ ಮುರಿದರು.

ಮರುದಿನ ಬೆಳಿಗ್ಗೆ ಬಟ್ಟೆ ಒಗೆಯುವಾಗ ಆ ದಸ್ತಿಗೆ ಸಾಬೂನು ಹಚ್ಚಿದೆ. ಗುಂಡು ಒರೆಸಿದ ಕಡೆ ಅಂಟಿದ್ದ ಹಳದಿ ಕಲೆ ಕೆಂಪಗಾಯಿತು. ಅಡುಗೆ ಮಾಡುವ ಯಾವ ಹೆಂಗಸಿಗೂ ಅದೇನೆಂದು ಹೇಳಿಕೊಡಬೇಕಿಲ್ಲ. ಹಸಿ ದಸ್ತಿಯನ್ನು ಅವರ ಮುಖದ ಮುಂದೆ ಹಿಡಿದೆ.

“ಏನ್ರಿ, ಇದು ಅರಿಷಿಣ. ಅವ್ರ ಮನ್ಯಾಗ ದೇವ್ರಿಗೆ ಇದನ್ನ ಭಂಡಾರ ಅಂತ ಹಾರಸ್ತಾರ. ಆ ಗುಂಡ ದೇವ್ರ ಜಗಲಿ ಮ್ಯಾಲ ಇದ್ದದ್ದು. ನೀವು ನೋಡಿದ್ದು ಗಾಜೋ, ಭಂಡಾರೋ?”

ಅವರು ಅಡುಗೆಮನೆಗೆ ಓಡಿ ಅಂಗೈಗೆ ಒಂದು ಚಿಟಿಕೆ ಅರಿಷಿಣ ಹಾಕಿಕೊಂಡು ಟಾರ್ಚು ಬಿಟ್ಟರು. ಅದೇ ಹಳದಿ-ಹಸಿರು. ಅಲ್ಲೇ ಮಣೆಯ ಮೇಲೆ ಕೂತರು.

“ನೇತ್ರಾ, ಆ ಸತ್ತ ಮನಷಾನ್ನ ನಾ ಸುಳ್ಳಗಾರ ಮಾಡಿ ಕಳಿಸೇನಿ.”

ಆ ದಿನ ಅಂಗಡಿಯ ಬಾಗಿಲು ತೆಗೆಯಲಿಲ್ಲ. ಹಳೆಯ ಪರದೇಶದ್ದೆಂದು ಇವರು ಎಂದೋ ಖಚಿತಪಡಿಸಿಕೊಂಡಿದ್ದ, ಅಪ್ಪ ಕೊಟ್ಟ ಗುಂಡನ್ನು ಹೋಲಿಸಿ ನೋಡಲೆಂದು ಚೀಲಕ್ಕೆ ಹಾಕಿಕೊಂಡು ನಾನೂ ಜೊತೆಗೆ ಹೊರಟೆ. ಮಸಗುಪ್ಪಿಯಲ್ಲಿ ಅಜ್ಜಿ ಗುಂಡನ್ನು ತನ್ನ ಜಾಗಕ್ಕೇ ಸೇರಿಸಿದ್ದಳು. ದೇವರ ಜಗಲಿಯ ಮೇಲೆ, ಮಡಚಿದ ಕರಿ ಕಂಬಳಿಯ ಮೇಲೆ, ಮೈತುಂಬ ಭಂಡಾರ.

“ಆಯಿ, ಇದು ಯಾವಾಗಿಂದ ಕಂಬಳಿ ಮ್ಯಾಲ ಐತ್ರಿ?”

“ಬಂದ ದಿನದಿಂದ್ರಿ. ಕಂಬಳಿ ಕೊಟ್ಟಿದ್ದಕ್ಕ ಬಂದದ್ದು, ಕಂಬಳಿ ಮ್ಯಾಲ ಕೂಡ್ಲಿ ಅಂತ ಮಾವನವ್ರು ಇಟ್ಟಾರ. ಹಳೇದು ಹರದ್ರ ಹೊಸಾದು ಹಾಸ್ತೇವಿ.”

ಇವರು ಹಣೆ ಚಚ್ಚಿಕೊಂಡರು. ಎಂಬತ್ತು ವರ್ಷಗಳಿಗೂ ಮೇಲೆ ಮೆತ್ತನೆಯ ಉಣ್ಣೆಯ ಮೇಲೆ ಕೂತಿದ್ದ ಗಾಜಿಗೆ ಗೀರು ಎಲ್ಲಿಂದ ಬರಬೇಕು? ಅಜ್ಜಿಯ ಒಪ್ಪಿಗೆ ಕೇಳಿ, ನೀರು ಸಾಬೂನು ಹಾಕಿ ತೊಳೆದರು. ತಳದ ಗುಳಿಯಲ್ಲಿ ಗಟ್ಟಿಯಾಗಿ ಕೂತಿದ್ದ ಭಂಡಾರ ಬಿಟ್ಟಾಗ, ಬಿಸಿ ಗಾಜನ್ನು ಕಬ್ಬಿಣದ ಸಲಾಕೆಯಿಂದ ಮುರಿದು ತೆಗೆದ, ಹಿಂದಿನ ಕಾಲದ ಕೈಕೆಲಸದ ಒರಟು ಗುರುತು ಕಂಡಿತು. ಮೂಲೆಯ ಕತ್ತಲಲ್ಲಿ ಎರಡೂ ಗುಂಡುಗಳನ್ನು ಅಕ್ಕಪಕ್ಕ ಇಟ್ಟು ಟಾರ್ಚು ಬಿಟ್ಟರು. ಎರಡೂ ಒಂದೇ ಮಂದ ನೀಲಿ. ಆಮೇಲೆ ಭೂತಗನ್ನಡಿ ಹಾಕಿಕೊಂಡು ಒಳಗಿನ ಹೂವನ್ನು ಎಸಳೆಸಳಾಗಿ ಬಹಳ ಹೊತ್ತು ನೋಡಿದರು.

ಕೊನೆಗೆ ಮನೆಯವರೆಲ್ಲರ ಮುಂದೆ ಎದ್ದು ನಿಂತರು. “ತಪ್ಪ ನಂದು. ಇದು ಹಳೇದು, ಪರದೇಶದ್ದು, ನೂರ ವರ್ಷಕ್ಕ ಕಡಿಮಿ ಇಲ್ಲ. ಸಾಹೇಬ ಕೊಟ್ಟದ್ದನ್ನ ನಾ ಕಂಡಿಲ್ಲ. ಆದ್ರ ಇಂಥಾದ್ದು ಸಂತ್ಯಾಗ ಸಿಗೂ ಮಾಲಲ್ಲ.”

ತಪ್ಪು ನನ್ನದು ಎಂಬ ಮಾತು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ನನ್ನ ಗಂಡನ ಮೇಲೆ ನನಗೆ ಅಷ್ಟು ಪ್ರೀತಿ ಬಂದದ್ದೂ ಆವತ್ತೇ.

“ಅಷ್ಟ ಸಾಕ್ರಿ” ಎಂದು ಕೆಂಪವ್ವಜ್ಜಿ ಕಣ್ಣೊರೆಸಿಕೊಂಡು, ಇವರ ಹಣೆಯ ವಿಭೂತಿಯ ಕೆಳಗೆ ಭಂಡಾರ ಹಚ್ಚಿದಳು. ಮಾಲಿಂಗ ಗುಂಡನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ. ಇವರು ಬರೆದುಕೊಟ್ಟ ಚೀಟಿಯನ್ನು ಓದಲು ಬಾರದ ಅಜ್ಜಿ, ಅವನಿಂದಲೇ ಎರಡು ಸಲ ಓದಿಸಿ ಕೇಳಿದಳು. ಆಮೇಲೆ ಅದನ್ನು ಕಂಬಳಿಯ ಮೇಲಿಟ್ಟಳು. ಫ್ಯಾನಿನ ಗಾಳಿಗೆ ಚೀಟಿ ಎದ್ದಿತು. ಅಜ್ಜಿ ಮೊಮ್ಮಗನ ಕೈಯಿಂದ ಗುಂಡು ತೆಗೆದುಕೊಂಡು ಚೀಟಿಯ ಮೇಲೆ ಇಟ್ಟಳು. ಆ ಮನೆಗೆ ಬಂದ ಮೇಲೆ ಅದು ಒಂದು ಕಾಗದವನ್ನು ಹಿಡಿದಿಟ್ಟದ್ದು ಅದೇ ಮೊದಲ ಸಲ.