ಎರಡು ಬಿದ್ದಿತ್ತು, ಮೂರಲ್ಲ

ಇಪ್ಪತ್ತೇಳು ವರ್ಷ ಅಂಗನವಾಡ್ಯಾಗ ಕೂಸುಗಳಿಗೆ ಬ್ಯಾಳಿ, ಬೆಲ್ಲ, ಆಮ್ಯಾಲಾಮ್ಯಾಲ ತತ್ತಿ ಎಲ್ಲಾ ಹಂಚಿದಾಕಿ ಪಕ್ಕೀರವ್ವ. ಒಂದು ಹರಳು ಬೆಲ್ಲ ಆಕಿ ಸೆರಗಿನಾಗ ಮನೀಗೆ ಹೋಗಿದ್ದನ್ನ ತಾವರಗೇರಾದಾಗ ಕಂಡವರಿಲ್ಲ. ಆದ್ರ ಚೌಕಾಬಾರಾಕ್ಕ ಕುಂತ್ಲಂದ್ರ, ಅಬಬಬಾ, ಅಂಥಾ ಕಳ್ಳಿ ಮೂರು ಓಣ್ಯಾಗ ಹುಡುಕಿದ್ರೂ ಸಿಗಾಂಗಿಲ್ಲ. ಕವಡಿ ಎರಡು ಬಿದ್ರ ಕಾಯಿ ಮೂರು ಮನಿ ನಡೀತಿತ್ತು. ಅದೂ ಎಷ್ಟು ಚಂದ ಅಂತೀರಿ, ಮಾತಾಡ್ತ ಮಾತಾಡ್ತ ಬಳಿ ಸರಿಮಾಡ್ಕೊಂಡಂಗ ಮಾಡಿ ಸರಿಸಿಬಿಡ್ತಿದ್ಲು.

ಆಕೀನ ಹಿಡಿಯಾಕಿ ಒಬ್ಬಾಕೀನ, ಎದುರುಮನಿ ಶಾಂತಕ್ಕ. ಕೊಪ್ಪಳ ರಾಯಚೂರಿಂದ ಬ್ಯಾರೆ ಆಗಿ ಜಿಲ್ಲಾ ಆತಲ್ಲ, ಆ ವರ್ಷಾನ ಪಕ್ಕೀರವ್ವಗ ಅಂಗನವಾಡಿ ಸಹಾಯಕಿ ಕೆಲಸ ಸಿಕ್ಕು, ಗಂಡನ ಕರ್ಕೊಂಡು ಆ ಓಣಿಗೆ ಬಂದ್ಲು. ಬಂದ ಮೂರನೇ ದಿನಕ್ಕ ಶಾಂತಕ್ಕ ತನ್ನ ಮನಿ ಮುಂದಿನ ಕಟ್ಟಿ ಮ್ಯಾಲ ಸೀಮೆಸುಣ್ಣದಾಗ ಐದೈದು ಮನಿ ಗೀಟು ಹೊಡದು, "ಬಾ ಇಲ್ಲೆ, ಏನ್ ಬಾಗಲಾಗ ನಿಂತು ನೋಡ್ತೀ" ಅಂದಿದ್ಲು. ಶಾಂತಕ್ಕನ ಕಾಯಿ ಹುಣಸಿಬೀಜ, ಪಕ್ಕೀರವ್ವನ ಕಾಯಿ ಕೆಂಪು ಬಳಿ ಚೂರು. ಅವತ್ತ ಹಿಡಿದು ದಿನಾ ಮಧ್ಯಾಹ್ನ ಮೂರಕ್ಕ ಅಲ್ಲಿ ಆಟ. ಕಳವು ಸಿಕ್ಕರ ಎರಡು ಶಿಕ್ಷಾ. ನೆತ್ತಿ ಮ್ಯಾಲ ಒಂದು ಮೊಟಕು ತಿನ್ನಬೇಕು, ಮತ್ತ ಮುಂದಿನ ಸರತಿ ಬಿಟ್ಟು ಕೊಡಬೇಕು. ಪಕ್ಕೀರವ್ವ ಸಿಕ್ಕಾಗೆಲ್ಲ ಕಿಸಿಕಿಸಿ ನಕ್ಕೋತ ತಾನಾಗೆ ತಲಿ ಮುಂದ ಮಾಡ್ತಿದ್ಲು. ಮೊಟಕು ತಿಂದು ತಿಂದು ನೆತ್ತಿ ಕೂದಲ ಉದುರ್ಯಾವ ಅಂತ ಆಕಿ ಗಂಡ ದ್ಯಾವಪ್ಪ ಚಾಷ್ಟಿ ಮಾಡ್ತಿದ್ದ.

ಹಿಂಗ ಇದ್ದದ್ದು ಕೆಟ್ಟಿದ್ದು ಹೋದ ಮಾಘದಾಗ. ಅವತ್ತ ಕಟ್ಟಿ ಮ್ಯಾಲ ಓಣಿ ಹೆಣ್ಣಮಕ್ಕಳು ನಾಕಾರು ಮಂದಿ ಕುಂತಿದ್ರು. ಪಕ್ಕೀರವ್ವನ ಕಡೀ ಕಾಯಿ ಹಣ್ಣಾಗಾಕ ಬಂದಿತ್ತು. ಕವಡಿ ಎರಡು ಬಿತ್ತು. ಎರಡು ನಡಸಿದ್ರ ಕಾಯಿ ಬಯಲಾಗ ನಿಂತು ಶಾಂತಕ್ಕನ ಕೈಯಾಗ ಸಾಯೂದು. ಮೂರು ನಡಸಿದ್ರ ಗುಣಾಕಾರದ ಗೀಟು ಹಾಕಿದ ಮನಿ, ಅಲ್ಲಿ ಯಾರೂ ಹೊಡಿಯಾಂಗಿಲ್ಲ. ಪಕ್ಕೀರವ್ವನ ಬಳಿ ಸರೀತು, ಕಾಯಿ ಮೂರು ಮನಿ ಹೋತು.

"ಎರಡು ಬಿದ್ದಿತ್ತು" ಅಂದ್ಲು ಶಾಂತಕ್ಕ.

ಪಕ್ಕೀರವ್ವ ನಕ್ಕು ತಲಿ ಮುಂದ ಮಾಡಾಕಿ ಇದ್ಲು. ಅಷ್ಟ್ರಾಗ ಶಾಂತಕ್ಕ ಎಲ್ಲಾರ ಕಡೆ ತಿರುಗಿ, "ಅಂಗನವಾಡಿ ತತ್ತೀನೂ ಹಿಂಗ ಎಣಸ್ತಿರಬೇಕು ನಮ್ಮ ಪಕ್ಕೀರಿ" ಅಂದುಬಿಟ್ಲು. ಹೆಣ್ಣಮಕ್ಕಳು ಹೋ ಅಂತ ನಕ್ರು. ಚಾಷ್ಟೀನ ಅದು, ಖರೇನ ಚಾಷ್ಟಿ. ಆದ್ರ ಹದಿನೈದು ದಿನದ ಹಿಂದ ಮ್ಯಾಲಿನವರು ಬಂದು ತತ್ತಿ ಲೆಕ್ಕ ಕೇಳಿ ಕೇಳಿ ಪಕ್ಕೀರವ್ವನ ಜೀವಾ ಹಿಂಡಿ ಹೋಗಿದ್ರು. ಲೆಕ್ಕ ಸರಿ ಇತ್ತು. ಆದ್ರೂ ಕೇಳಿದ್ದು ಎದಿಯಾಗ ಮುಳ್ಳಿನಂಗ ಕುಂತಿತ್ತು. ಪಕ್ಕೀರವ್ವನ ಮುಖ ಸುಟ್ಟಂಗಾತು.

"ಮೂರ ಬಿದ್ದಿತ್ತು."

"ಆಣಿ ಮಾಡು ಹಂಗಾರ."

ಎದ್ಲು ನೋಡ್ರಿ ಪಕ್ಕೀರವ್ವ! ಶಾಂತಕ್ಕನ ತಲಿ ಮ್ಯಾಲ ಬಲಗೈ ಇಟ್ಟು, "ನಿನ್ನ ತಲಿ ಮುಟ್ಟಿ ಹೇಳ್ತೀನಿ, ದುರಗಮ್ಮನ ಆಣಿ, ಮೂರು ಬಿದ್ದಿತ್ತು" ಅಂದ್ಲು. ಯಾರರ ತಲಿ ಮುಟ್ಟಿ ಸುಳ್ಳಾಣಿ ಮಾಡಿದ್ರ ಪಾಪ ಮಾಡಿದಾಕೀಗೆ ಬಡಿಯೂದಿಲ್ಲ, ಆ ತಲೀಗೆ ಬಡೀತೈತಿ. ಇದು ಆ ಓಣ್ಯಾಗ ಹಾಲು ಕುಡಿಯೋ ಕೂಸಿಗೂ ಗೊತ್ತು. ನಗಿ ನಿಂತುಬಿಡ್ತು. ಶಾಂತಕ್ಕ ಎದ್ದು ಒಳಗ ಹೊಂಟ್ಲು. ತಲಬಾಗಲಾ ದಾಟಲಿಲ್ಲ, ಅಲ್ಲೇ ಧಪ್ ಅಂತ ಬಿದ್ಲು.

ಲಕ್ವಾ. ಬಲಗೈ ಬಲಗಾಲು ಹೋದವು, ಮಾತು ಪೂರಾ ಹೋತು. ಗಂಗಾವತಿ ಡಾಕ್ಟ್ರು ನೋಡಿ, "ಬಿಪಿ ಗುಳಿಗಿ ಬಿಟ್ಟಿದ್ರು, ತಲ್ಯಾಗ ರಕ್ತ ಹೆಪ್ಪುಗಟ್ಟೈತಿ" ಅಂದ್ರು. ತಲ್ಯಾಗ! ಪಕ್ಕೀರವ್ವಗ ಗುಳಿಗಿ ಮಾತು ಕೇಳಿಸ್ಲೇ ಇಲ್ಲ. ತಾನು ಕೈ ಇಟ್ಟ ಜಾಗಾ ಅದ. ಆಣಿ ಆಕೀಗೆ ಬಡದೈತಿ, ಆಕಿ ಮುಂದ ಖರೇ ಹೇಳಿ ಆ ಆಣಿ ಇಳಸೂತನ ಆಕೀಗೆ ಮಾತು ಬರೂದಿಲ್ಲ. ಇದು ಪಕ್ಕೀರವ್ವನ ಹೊಟ್ಯಾಗ ಕುಂತುಬಿಡ್ತು. ಗಂಡನ ಮುಂದನೂ ಬಾಯಿ ಬಿಡಲಿಲ್ಲ.

ಹೇಳಬೇಕಂದ್ರ ಒಳಗ ಬಿಡೋರ್ಯಾರು? ಶಾಂತಕ್ಕನ ಸೊಸಿ ಸುಕನ್ಯಾ, ದವಾಖಾನಿಯಿಂದ ಬಂದ ದಿನ ಒಂದ ಸಲ ಒಳಗ ಬಿಟ್ಟಿದ್ಲು. ಪಕ್ಕೀರವ್ವನ ಮಾರಿ ಕಂಡಿದ್ದ ತಡ, ಶಾಂತಕ್ಕ ಎಡಗೈಲೆ ಹಾಸಿಗಿ ಬಡದು ಬಡದು ಆಂ ಆಂ ಅಂತ ಒದರಾಕ ಹತ್ತಿದ್ಲು. ಬಿಪಿ ಏರಿ ರಾತ್ರೋರಾತ್ರಿ ಮತ್ತ ಗಂಗಾವತಿಗೆ ಒಯ್ಯಬೇಕಾತು. ಅವತ್ತಿಂದ ಬಾಗಲಾ ಬಂದ್. ಮೊದಲೆಲ್ಲ "ಚಿಗವ್ವ, ಚಿಗವ್ವ" ಅಂತಿದ್ದ ಸುಕನ್ಯಾ, "ಪಕ್ಕೀರವ್ವಾರ, ನೀವು ಇತ್ಲಾಗ ಬರಬ್ಯಾಡ್ರಿ" ಅಂದ್ಲು. ಬೈದಿದ್ರ ತಡಕೊಂತಿದ್ಲು. ಆ "ರಿ" ತಡಕೊಳ್ಳಾಕ ಆಗಲಿಲ್ಲ ಆಕೀಗೆ.

ಮೂರು ತಿಂಗಳು ಹಿಂಗ ಹೋತು. ಹನ್ನೆರಡು ಹೆಜ್ಜಿ ಓಣಿ, ದಾಟೋ ಹಂಗಿಲ್ಲ.

ಆವಾಗ ಬಂದ್ಲು ಸಹನಾ, ಸುಕನ್ಯಾನ ಮಗಳು. ಕೊಪ್ಪಳದಾಗ ಇಂಜಿನಿಯರಿಂಗ್ ಕಡೀ ವರ್ಷ ಓದಾಕಿ. ಕಾಲೇಜಿನಿಂದ ಎರಡು ಡಬ್ಬಿ ಕೇಳಿ ತಂದಿದ್ಲು, ಕಣ್ಣಿಗೆ ಕಟಗೊಂಡ್ರ ಬ್ಯಾರೇ ಲೋಕಾನ ಕಾಣೋ ಅಂಥವು. ಅದರಾಗ ಆಕೀನ ಚೌಕಾಬಾರಾ ಮಾಡಿದ್ಲು, ಅದ ಆಕಿ ಪರೀಕ್ಷಾದ ಕೆಲಸ. ಪಕ್ಕೀರವ್ವನ ಮನೀಗೆ ಬಂದು ಕೈ ಹಿಡದು ಹೇಳಿದ್ಲು.

"ಆಯಿ, ನೀ ನಿಮ್ಮ ಮನ್ಯಾಗ ಕುಂದರು, ನಮ್ಮಾಯಿ ನಮ್ಮ ಮನ್ಯಾಗ ಕುಂದರ್ತಾಳ. ಆದ್ರ ಇಬ್ಬರೂ ಒಂದ ಕಟ್ಟಿ ಮ್ಯಾಲ ಎದುರಾಬದುರಾ ಇರ್ತೀರಿ. ಅವ್ವ ಒಪ್ಯಾಳ, ಬಾಗಲಾ ದಾಟೂದಿಲ್ಲಲ್ಲ ಅಂದ್ಲು."

ಪಕ್ಕೀರವ್ವ ಆಕಿ ಕೈ ಬಿಗಿಯಾಗಿ ಹಿಡ್ಕೊಂಡ್ಲು. "ನಾ ಮಾತಾಡಿದ್ದು ಆಕೀಗೆ ಕೇಳಸ್ತೈತೇನವಾ?"

"ಆಕೀಗೂ ಕೇಳಸ್ತೈತಿ, ಬಾಜೂಕ ಕುಂತ ಅವ್ವಗೂ ಕೇಳಸ್ತೈತಿ." ಸಹನಾ ಹೆಮ್ಮಿಲೆ ಮತ್ತೊಂದು ಮಾತು ಸೇರಿಸಿದ್ಲು. "ಮತ್ತ ಇದರಾಗ ಯಾರಿಗೂ ಕಳವು ಮಾಡಾಕ ಬರಾಂಗಿಲ್ಲ ಆಯಿ!"

ಕಳವಿನ ಮಾತು ಪಕ್ಕೀರವ್ವನ ಕಿವೀಗೆ ಬೀಳಲೇ ಇಲ್ಲ. ಸುಕನ್ಯಾ ಕೇಳ್ತಾಳ. ಹಂಗಾರ ಬಾಯಿಲೆ ಹೇಳೂದು ಆಗೂದಿಲ್ಲ ಅನ್ಕೊಂಡ್ಲು ಪಕ್ಕೀರವ್ವ. ಆದ್ರ ಕೈಲೆ ಹೇಳಬಹುದಲ್ಲ? ಎರಡು ಬಿದ್ದಾಗ ಮೂರು ನಡಸೂದು. ಶಾಂತಕ್ಕ ಹಿಡೀತಾಳ. ತಾನು ತಲಿ ಮುಂದ ಮಾಡೂದು. ಆಕೀಗೆ ತಿಳಿತೈತಿ, ಬ್ಯಾರೆ ಯಾರಿಗೂ ತಿಳಿಯೂದಿಲ್ಲ. ಈ ಯೋಚನಿ ಹಿಡ್ಕೊಂಡು ಐತವಾರ ಮಧ್ಯಾಹ್ನ ಮೂರಕ್ಕ ಡಬ್ಬಿ ಕಣ್ಣಿಗೆ ಕಟಗೊಂಡ್ಲು.

ಕಟ್ಟಿ ಬಂತು, ಬೇವಿನ ಗಿಡಾ ಬಂತು. ಅದ ಶಾಂತಕ್ಕನ ಕಟ್ಟಿ ನೋಡ್ರಿ, ಆದ್ರ ಒಂದು ಇರವಿ ಇಲ್ಲ, ಕೋಳಿ ಇಲ್ಲ, ಹಾದಿಮ್ಯಾಲಿನವರು ನಿಂತು "ಅದನ್ನ ನಡಸಬ್ಯಾಡ" ಅನ್ನಂಗಿಲ್ಲ. ಎದುರಿಗೆ ಶಾಂತಕ್ಕ ಇರಲಿಲ್ಲ, ನೀಲಿ ಬಣ್ಣದ ಎರಡು ಕೈ ಅಷ್ಟ ಇದ್ದವು. ಬಲಗೈ ಸತ್ತಂಗ ಬಿದ್ದಿತ್ತು. ಎಡಗೈ ನಡಗ್ತಿತ್ತು. ಪಕ್ಕೀರವ್ವ ಆ ಕೈ ಕಡೆ ಬಗ್ಗಿ, "ಶಾಂತಕ್ಕ, ನಾನವಾ" ಅಂದ್ಲು. ಅತ್ಲಾಗಿಂದ ಬರೇ ಉಸಿರು ಕೇಳಿಸ್ತು.

ಆಟ ಸುರು ಆತು. ಆರನೇ ಸರತಿಗೆ ಪಕ್ಕೀರವ್ವಗ ಎರಡು ಬಿತ್ತು. ದೇವರ ಹಾಕಿಸಿದಂಗ ಎರಡು! ಬಳಿ ಚೂರು ಎತ್ತಿ ಮೂರು ಮನಿ ನಡಸಿದ್ಲು. ಟಣ್ ಅಂತು. ಕಾಯಿ ತಾನ ಹಿಂದ ಬಂದು ಎರಡನೇ ಮನ್ಯಾಗ ನಿಂತಿತು. ಮತ್ತ ನಡಸಿದ್ಲು, ಮತ್ತ ಟಣ್. "ಏ ಭಾಡ್ಯಾ, ಬಿಡೋ ನನ್ನ!" ಅಂತ ಡಬ್ಬೀಗೆ ಬೈದು ಮೂರನೇ ಸಲ ನಡಸಿದ್ಲು. ಎದುರಿನ ನೀಲಿ ಕೈ ಹಂದಾಡಲೇ ಇಲ್ಲ.

"ಆಯಿ, ಸುಮ್ಮನ ಯಾಕ ಮಾಡ್ತೀ" ಅಂದ್ಲು ಬಾಜೂಕ ನಿಂತ ಸಹನಾ. "ನಿನ್ನ ತಪ್ಪು ನಮ್ಮಾಯಿಗೆ ಕಾಣೂದೇ ಇಲ್ಲ. ಆಕೀಗೆ ಸರಿ ಆದದ್ದಷ್ಟ ಕಾಣ್ತೈತಿ."

ಇಪ್ಪತ್ತೇಳು ವರ್ಷದ ಕಳವು, ಇಪ್ಪತ್ತೇಳು ವರ್ಷದ ಮೊಟಕು, ಎಲ್ಲಾ ಈ ಡಬ್ಬಿ ನುಂಗಿ ಕುಂತಿತ್ತು. ಪಕ್ಕೀರವ್ವ ಕೈ ಚಾಚಿ ಶಾಂತಕ್ಕನ ತಲಿ ಮುಟ್ಟಾಕ ಹೋದ್ಲು. ತಲಿ ಎಲ್ಲಿ ಐತಿ? ಕೈ ಗಾಳ್ಯಾಗ ಹಾದು ಹೋತು. ಆವಾಗ ಎದುರಿನ ಎಡಗೈ ಕಟ್ಟಿ ಬಡಿಯಾಕ ಸುರು ಮಾಡಿತು. ಬಡೀತು, ಬಡೀತು, ಕಿವ್ಯಾಗ ಅದ ಒದರಾಟ, ಆಂ ಆಂ ಅಂತ. "ತಗೀರಿ ಇದನ್ನ, ಬಿಪಿ ಏರ್ತೈತಿ!" ಅಂತ ಸುಕನ್ಯಾನ ಚೀರಾಟ. ನೀಲಿ ಕೈ ಒಮ್ಮೆಲೇ ಮಾಯ ಆದವು. ಖಾಲಿ ಕಟ್ಟಿ ಮುಂದ ಪಕ್ಕೀರವ್ವ ಒಬ್ಬಾಕೀನ ಉಳದ್ಲು.

ಡಬ್ಬಿ ಕಿತ್ತು ಸಹನಾನ ಕೈಯಾಗ ಇಟ್ಲು. ಗೂಡಿನಾಗಿನ ಕವಡಿ, ಕಾಯಿ, ಸೀಮೆಸುಣ್ಣ ಇದ್ದ ಡಬ್ರಿ ತಗೊಂಡ್ಲು, ಚಪ್ಪಲಿ ಮೆಟ್ಟಲಿಲ್ಲ. ಹನ್ನೆರಡು ಹೆಜ್ಜಿ ದಾಟಿ ಬಾಗಲಾ ಬಡದ್ಲು.

ಬಾಗಲಾಗ ಸುಕನ್ಯಾ ಅಡ್ಡ ನಿಂತ್ಲು, ಕಣ್ಣು ಕೆಂಪಗಾಗಿದ್ದವು. "ನೂರಾ ಎಪ್ಪತ್ತು ತೋರಸ್ತೈತಿ ಮಿಷನ್ನು. ಕೊಲ್ಲಬೇಕಂತ ಮಾಡೀರೇನ್ರಿ ನಮ್ಮತ್ತೀನ?"

ಹೇಳಬೇಕಾದ್ದು ಆ ಕ್ಷಣಾನ ಹೇಳಬೇಕಿತ್ತು. ಇಲ್ಲಾಂದ್ರ ಯಾವತ್ತೂ ಇಲ್ಲ.

"ಸುಕನ್ಯಾ, ಅವತ್ತ ನಾ ಸುಳ್ಳಾಣಿ ಮಾಡೇನಿ. ನಿಮ್ಮತ್ತಿ ತಲಿ ಮುಟ್ಟಿ ಮಾಡೇನಿ. ಎರಡು ಬಿದ್ದಿತ್ತು. ನೀ ನನ್ನ ಕೆರಾ ತಗೊಂಡು ಹೊಡಿ, ಆದ್ರ ಆಕಿ ಮುಂದ ಒಂದ ಸಲ ಹೇಳಾಕ ಬಿಡು."

ಹೊಡೀತಾಳ ಅನ್ಕೊಂಡ್ಲು ಪಕ್ಕೀರವ್ವ. ಒಳಗ ಶಾಂತಕ್ಕ ಇನ್ನೂ ಒದರಾಕತ್ತಿದ್ಲು. ಸುಕನ್ಯಾ ಒಳಗ ನೋಡಿದ್ಲು, ಈಕೀನ ನೋಡಿದ್ಲು, ಕಡೀಕ ಬಾಗಲಾ ಬಿಟ್ಟು ಸರದ್ಲು. "ತೋಳಿಗೆ ಪಟ್ಟಿ ಕಟ್ಟಿರ್ತೀನಿ. ನಂಬರ್ ಏರಿತೋ, ಎದ್ದು ನಡೀಬೇಕು. ಆಮ್ಯಾಲ ಈ ಬಾಗಲಾ ನಿಮಗ ಇಲ್ಲ."

ಹೂಂ ಅಂದ್ಲು ಪಕ್ಕೀರವ್ವ.

ಶಾಂತಕ್ಕ ಗ್ವಾಡಿಗೆ ಆನಕೊಂಡು ಕುಂತಿದ್ಲು, ಬಾಯಿ ಒಂದು ಕಡೆ ಸೊಟ್ಟ. ಪಕ್ಕೀರವ್ವನ ನೋಡಿ ಎಡಗೈ ಮತ್ತ ಎದ್ದಿತು. ಸುಕನ್ಯಾ ಮಿಷನ್ ಗುಂಡಿ ಒತ್ತಿದ್ಲು, ಪಟ್ಟಿ ಉಬ್ಬಾಕ ಹತ್ತಿತು. ಪಕ್ಕೀರವ್ವ ಯಾರ ಕಡೇನೂ ನೋಡಲಿಲ್ಲ. ನೆಲದ ಮ್ಯಾಲ ಸೀಮೆಸುಣ್ಣದಾಗ ಐದೈದು ಮನಿ ಗೀಟು ಹೊಡದ್ಲು. ಮೂರು ತಿಂಗಳಿಂದ ಕಣ್ಣು ಮುಚ್ಚಿದ್ರ ಕಾಣೂದು ಅದೊಂದ ಅಲ್ಲೇನು, ಅವತ್ತ ಯಾವ ಕಾಯಿ ಯಾವ ಮನ್ಯಾಗ ಇತ್ತೋ ಹಂಗ ಎಲ್ಲಾ ಇಟ್ಲು. ಹುಣಸಿಬೀಜ ಅಲ್ಲಿ, ಬಳಿ ಚೂರು ಇಲ್ಲಿ. ಕವಡಿ ನಾಕು, ಎರಡು ಮ್ಯಾಲ ಮುಖ, ಎರಡು ತೆಳಗ ಮುಖ.

ಶಾಂತಕ್ಕನ ಒದರಾಟ ನಿಂತಿತು. ಸುಕನ್ಯಾ ಮಿಷನ್ ಗುಂಡಿ ಮತ್ತೊಮ್ಮೆ ಒತ್ತಿದ್ಲು.

ಪಕ್ಕೀರವ್ವ ಕೆಂಪು ಬಳಿ ಚೂರು ಎತ್ತಿದ್ಲು. ಒಂದು, ಎರಡು, ಮೂರು. ಎಲ್ಲಾರಿಗೂ ಕಾಣೂಹಂಗ ನಡಸಿ, ಗೀಟಿನ ಮನ್ಯಾಗ ಇಟ್ಟು ಕೈ ತಗದ್ಲು.

ಶಾಂತಕ್ಕ ಮನೀನ ನೋಡಿದ್ಲು. ಕವಡೀನ ನೋಡಿದ್ಲು. ಎಡಗೈ ಮೆಲ್ಲಕ ಇಳದು ಬಂತು. ಬಳಿ ಚೂರು ಎರಡು ಸಲ ಜಾರಿತು, ಮೂರನೇ ಸಲ ಸಿಕ್ಕಿತು. ಅದನ್ನ ಒಂದು ಮನಿ ಹಿಂದ ಸರಸಿ ಬಯಲಾಗ ಇಟ್ಲು.

"ಹೌದವಾ, ಎರಡು ಬಿದ್ದಿತ್ತು" ಅಂದ್ಲು ಪಕ್ಕೀರವ್ವ. "ತತ್ತಿ ಮಾತಿಗೆ ಸಿಟ್ಟು ಬಂತು. ಅದಕ್ಕ ನಿನ್ನ ತಲಿ ಮುಟ್ಟಿ ಸುಳ್ಳು ಹೇಳಿದ್ನೆವಾ ನಾ." ಅಳು ತಡಿಲಾರದ ತಲಿ ಮುಂದ ಮಾಡಿ ಬಗ್ಗಿದ್ಲು.

ಪಟ್ಟಿ ಸುಯ್ ಅಂತ ಗಾಳಿ ಬಿಡ್ತು. ಆಮ್ಯಾಲ ಎಡಗೈ ಬೆರಳಿನ ಗೆಣ್ಣು ಆಕಿ ನೆತ್ತಿಗೆ ಬಂದು ತಾಗಿತು. ಬಲಾನ ಇರಲಿಲ್ಲ ಅದರಾಗ. ಆದ್ರ ಜಾಗಾ ಅದ, ಇಪ್ಪತ್ತೇಳು ವರ್ಷ ತಿಂದ ಜಾಗಾ.

"ನೂರಾ ಐವತ್ತೆರಡು" ಅಂದ್ಲು ಸುಕನ್ಯಾ. ದನಿ ಒಡದಿತ್ತು. "ಇಳದೈತಿ ಚಿಗವ್ವ."

ಬಾಗಲಾಗ ಡಬ್ಬಿ ಎರಡೂ ಬಗಲಾಗ ಇಟ್ಕೊಂಡು ಸಹನಾ ನಿಂತಿದ್ಲು, ಕಣ್ಣು ಒರಸೋದನ್ನೂ ಮರತು. ಪಕ್ಕೀರವ್ವ ಮೂಗು ಸೆರಗಿಗೆ ಒರಸಿ, ರೂಢಿ ಬಿಡ್ತೈತೇನು, ನೆಲದ ಮ್ಯಾಲಿನ ಕವಡಿ ಬಳಕೊಳ್ಳಾಕ ಕೈ ಚಾಚಿದ್ಲು.

ಅವುಗಳ ಮ್ಯಾಲ ಶಾಂತಕ್ಕನ ಅಂಗೈ ಬಂದು ಕುಂತಿತು. ಸಿಕ್ಕಾಕೀಗೆ ಸರತಿ ಇಲ್ಲ. ಸೊಟ್ಟ ಬಾಯಿ ಅತ್ಲಾಗ ಇತ್ಲಾಗ ತಿರುಗಾಡಿತು, ನಾಲಿಗಿ ಹುಡುಕಾಡಿತು, ಗಂಟಲ ಒಳಗಿಂದ ಏನೋ ಮ್ಯಾಲ ಬಂತು.

"ನಂದು" ಅಂದ್ಲು ಶಾಂತಕ್ಕ.